ಮೂವತ್ತೆರಡು ಇಂಚಿನ ಎದೆ

ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಧರಣೇಂದ್ರಯ್ಯನವರ ಜವಳಿ ಅಂಗಡಿ ಗೊತ್ತಿಲ್ಲದವರಿರಲಿಲ್ಲ. ಅವರ ಒಬ್ಬನೇ ಮಗ ಬ್ರಹ್ಮದೇವ ಮಾತ್ರ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಗಿರಾಕಿಗಳು ಬಂದರೆ ಅವನು ಪಂಚೆಗಳ ರಾಶಿಯ ಹಿಂದೆ ಸರಿದುಬಿಡುತ್ತಿದ್ದ. ಸರಿದರೆ ಕಾಣುತ್ತಲೂ ಇರಲಿಲ್ಲ, ಅಷ್ಟು ಸಣಕಲು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಶಾಲೆಯ ಕಡೆ ಹೋಗಿರಲಿಲ್ಲ. ಹತ್ತೊಂಬತ್ತು ವರ್ಷ. ಅಪ್ಪನ ಪಕ್ಕದಲ್ಲಿ ಗಾದಿಯ ಮೇಲೆ ಕೂತರೆ ಕಾಲೊಳಗೆ ಇರುವೆ ಹರಿದಂತಾಗುತ್ತಿತ್ತು. ನೀರು ಕುಡಿಯುವ ನೆಪ, ಬಸ್ಸು ಬಂತೇ ನೋಡುವ ನೆಪ, ಏನೂ ಇಲ್ಲದಿದ್ದರೆ ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುವ ನೆಪ. ಒಂದು ಗಂಟೆಯಲ್ಲಿ ಹತ್ತು ಸಲ ಏಳುತ್ತಿದ್ದ.

ಸಾವಿರದ ಒಂಬೈನೂರ ಐವತ್ತೇಳರ ಆಷಾಢದಲ್ಲಿ ತಾಲ್ಲೂಕು ಕಚೇರಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು. ಅರಣ್ಯ ಇಲಾಖೆಗೆ ಗಾರ್ಡುಗಳು ಬೇಕು. ದೀಪಾವಳಿ ಕಳೆದ ಮೇಲೆ ಹಾಸನದಲ್ಲಿ ಆಯ್ಕೆ. ಓದು ಬರಹ ಬಂದರೆ ಸಾಕು. ಎರಡು ಮೈಲಿ ಓಡಬೇಕು. ಎದೆ ಉಸಿರು ಬಿಟ್ಟಾಗ ಮೂವತ್ತೆರಡು ಇಂಚು ಇರಬೇಕು, ಉಸಿರೆಳೆದಾಗ ಇನ್ನೆರಡು ಇಂಚು ಹಿಗ್ಗಬೇಕು. ಬ್ರಹ್ಮದೇವ ಅದನ್ನು ಮೂರು ಸಲ ಓದಿದ. ಮನೆಗೆ ಬಂದು ಊಟದ ಮುಂದೆ ಕೂತಾಗ, ತಟ್ಟೆ ನೋಡಿಕೊಂಡೇ, ತಾನೂ ಹೋಗುತ್ತೇನೆ ಎಂದ.

ಧರಣೇಂದ್ರಯ್ಯ ನಗಲೂ ಇಲ್ಲ, ಬೈಯಲೂ ಇಲ್ಲ. "ಎದೆ ಎಲ್ಲೈತೋ ನಿಂಗೆ? ಅಂಗಿ ನೇತಾಕೋ ಗೂಟ ಇದ್ದಂಗಿದ್ದೀಯ," ಎಂದರು.

ಅಜ್ಜಿ ಜಿನಮ್ಮ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿದರು. "ಪೋಲೀಸ್ನೋರು ಒಡೀತಾರೆ, ಮಿಲ್ಟ್ರಿಯೋರು ಕೊಲ್ತಾರೆ. ಮರ ಕಾಯೋನು ಯಾರಿಗೇನ್ ಮಾಡ್ತಾನೆ? ಓಗ್ಲಿ ಬುಡು ಧರಣಿ. ತಾಯಿಲ್ಲದ ಮಗ, ಕೇಳಿದ್ದೇ ಇದೊಂದು."

ಧರಣೇಂದ್ರಯ್ಯ ಕೈ ತೊಳೆದು ಬಂದರು. ಬಹಳ ಹೊತ್ತು ಟವಲಿನಲ್ಲಿ ಕೈ ಒರೆಸಿಕೊಂಡರು. "ಒಂದೇ ಸಲ," ಎಂದರು. "ಅಳತೇಲಿ ಬಿದ್ದೋದ್ರೆ ಬಂದು ಗಾದಿ ಮೇಲೆ ಕೂರ್ಬೇಕು. ಆಮೇಲೆ ಕಾಡು ಗೀಡು ಅಂತ ಉಸುರೆತ್ತಬಾರ್ದು. ಒಪ್ಪಿಗೇನಾ?"

"ಒಪ್ಪಿಗೆ," ಎಂದ ಬ್ರಹ್ಮದೇವ. ಹೇಳಿದ ಮೇಲೆ ಅವನಿಗೆ ಭಯವಾಯಿತು.

ಊರಲ್ಲಿ ಗರಡಿಮನೆ ಇತ್ತು. ಹದಿನಾರರಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದ. ಅಲ್ಲಿನ ಉಸ್ತಾದ ಅವನನ್ನು ಮೇಲಿಂದ ಕೆಳಗೆ ನೋಡಿ, "ಮೊದ್ಲು ಎರಡು ತಿಂಗ್ಳು ಮುದ್ದೆ ಉಂಡ್ಕೊಂಡ್ ಬಾ ಓಗಪ್ಪ, ಮಣ್ಣು ನಿನ್ನ ಮ್ಯಾಲೆ ಬಿದ್ರೆ ಉಡುಕೋಕೆ ಆಗಾಕಿಲ್ಲ," ಎಂದಿದ್ದ. ಎಣ್ಣೆ ಸವರಿಕೊಂಡಿದ್ದ ಹತ್ತು ಮಂದಿ ಒಟ್ಟಿಗೆ ನಕ್ಕಿದ್ದರು. ಆಮೇಲೆ ಅವನು ಆ ಬೀದಿಯಲ್ಲೇ ಓಡಾಡಿರಲಿಲ್ಲ.

ದಾರಿ ತೋರಿಸಿದವನು ಎದುರು ಕಿರಾಣಿ ಅಂಗಡಿಯ ಬಸವರಾಜು. ಪಂಚಾಕ್ಷರಯ್ಯನವರ ಮಗ, ಬ್ರಹ್ಮದೇವನಿಗಿರುವ ಒಬ್ಬನೇ ಗೆಳೆಯ, ಮೈಯಲ್ಲಿ ಇವನಿಗೆ ಎರಡರಷ್ಟು. ಬೆಲ್ಲ ಕಟ್ಟುವ ಹಳೇ ಪತ್ರಿಕೆಯ ಹಾಳೆಯೊಂದನ್ನು ಹಿಡಿದುಕೊಂಡು ಬಂದ. "ನೋಡ್ಲಾ, ನಿಂಗೇ ಬರ್ದಂಗೈತೆ. 'ಮನೆಯಲ್ಲೇ ಮೈಕಟ್ಟು, ಅಂಚೆಯ ಮೂಲಕ ಹನ್ನೆರಡು ಪಾಠ.' ಬೆಂಗ್ಳೂರ್ನೋರು ಕಣ್ಲಾ. ಯಾರೂ ನೋಡಾಕಿಲ್ಲ, ಯಾರೂ ನಗಾಕಿಲ್ಲ."

ಮೊದಲ ಪಾಠ ಒಂದು ವಾರಕ್ಕೆ ಬಂತು. ತೆಳ್ಳನೆಯ ನಾಲ್ಕು ಹಾಳೆ, ಚಿತ್ರಗಳು, ಜೊತೆಗೆ ಒಂದು ನಮೂನೆ. ವಾರದ ಕೊನೆಗೆ ಎದೆ, ತೋಳು, ತೊಡೆಯ ಅಳತೆಯನ್ನು ಆ ನಮೂನೆಯಲ್ಲಿ ತುಂಬಿ ಕಳಿಸಿದರೆ ಮಾತ್ರ ಮುಂದಿನ ಪಾಠ. ಬ್ರಹ್ಮದೇವ ಹಾಳೆಗಳನ್ನು ರಟ್ಟಿಗೆ ಅಂಟಿಸಿ ಅಂಗಡಿಯ ಅಟ್ಟದಲ್ಲಿ ತೂಗುಹಾಕಿದ. ಎರಡನೆಯ ಹಾಳೆಯಲ್ಲಿ "ದಿನಕ್ಕೆ ಎರಡು ಮೊಟ್ಟೆ" ಎಂದಿತ್ತು. ಜೈನರ ಮನೆಯಲ್ಲಿ ಆ ಮಾತು ಗೋಡೆಯ ಮೇಲಿರುವುದು ಹೇಗೆ? ಲೇಖನಿ ತಂದು ಆ ಸಾಲಿನ ಮೇಲೆ, ಪಕ್ಕದ ಸಾಲಿಗೆ ತಾಗದ ಹಾಗೆ, ನಿಧಾನವಾಗಿ ಶಾಯಿ ಬಳಿದ.

ಅಟ್ಟವೆಂದರೆ ಗಿರಣಿಯಿಂದ ಬಂದ ಬಟ್ಟೆಯ ದೊಡ್ಡ ಗಂಟುಗಳನ್ನು ಪೇರಿಸಿಡುವ ಜಾಗ. ಎರಡು ಗಂಟುಗಳನ್ನು ಒಂದು ಮೊಳ ದೂರಕ್ಕೆ ಎಳೆದು, ಒಂದೊಂದರ ಮೇಲೆ ಒಂದೊಂದು ಕೈಯೂರಿ, ಎದೆ ನಡುವಿನ ಸಂದಿಗೆ ಇಳಿಯುವಂತೆ ದಂಡ ಹೊಡೆಯಬೇಕು. ಬಳಿಕ ಬಸ್ಕಿ. ಬಳಿಕ ಸಣ್ಣ ಗಂಟೊಂದನ್ನು ತಲೆಯ ಮೇಲಕ್ಕೆತ್ತಿ ಇಳಿಸಬೇಕು. ಬೆಳಗಿನ ಜಾವ ಕೋಳಿ ಕೂಗುವ ಮೊದಲೇ ಏಣಿ ಹತ್ತುತ್ತಿದ್ದ. ಹತ್ತಿದೊಡನೆ ಶುರುಮಾಡುವಂತಿರಲಿಲ್ಲ. ಅಜ್ಜಿಯ ಅಪ್ಪಣೆಯಾಗಿತ್ತು: "ನೆಲದ ಮ್ಯಾಲೆ ಇರುವೆ, ಗೊದ್ದ ಇರ್ತವೆ. ನಿನ್ನ ಎದೆ ಬೆಳೀಲಿ ಅಂತ ಅವು ಸಾಯ್ಬೇಕಾ? ಗುಡ್ಸಿ ಆಮೇಲೆ ಒಡ್ಕೋ." ನವಿಲುಗರಿಯ ಪೊರಕೆಯನ್ನು ಅವರೇ ಕೊಟ್ಟಿದ್ದರು. ಅವನು ಲಾಂದ್ರ ಹಿಡಿದು, ಹಲಗೆಯ ಸಂದುಸಂದನ್ನೂ ಮೆಲ್ಲಗೆ ಗುಡಿಸಿ, ಇರುವೆಗಳನ್ನು ಮೂಲೆಗೆ ಸಾಗಿಸಿದ ಮೇಲೆ ಕೈಯೂರುತ್ತಿದ್ದ. ಮೊದಲ ದಿನ ಹನ್ನೊಂದು ದಂಡ ಹೊಡೆದ. ಹನ್ನೆರಡನೆಯದಕ್ಕೆ ಮುಖ ಕೆಳಗಾಗಿ ಬಿದ್ದ.

ಅಳತೆ ತೆಗೆಯುವವನು ಚೆನ್ನಯ್ಯ. ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಕೂತವನು. ಮೊದಲ ಭಾನುವಾರ ಬ್ರಹ್ಮದೇವ ಅವನನ್ನು ಒಳಕ್ಕೆ ಕರೆದು, ಪಂಚೆಗಳ ರಾಶಿಯ ಮರೆಯಲ್ಲಿ ಅಂಗಿ ಬಿಚ್ಚಿ ನಿಂತ. ಚೆನ್ನಯ್ಯ ಕೊರಳಿನ ಟೇಪು ತೆಗೆದು, ಬೆನ್ನಿನಿಂದ ಬಳಸಿ ತಂದು, ಎದೆಯ ಮೇಲೆ ಕೂಡಿಸಿ, ಒಳಗೆ ಎರಡು ಬೆರಳು ತೂರಿಸಿ, "ಮೂವತ್ತು," ಎಂದ. ಎಲ್ಲರಿಗೂ ಹಾಗೇ ತೆಗೆಯುತ್ತಿದ್ದ. ಸಡಿಲವಾಗಿ ಅಳೆಯುವುದು ಆ ಅಂಗಡಿಯ ಮರ್ಯಾದೆ. ಧರಣೇಂದ್ರಯ್ಯನವರೂ ಒಂದು ಗಜ ಬಟ್ಟೆ ಅಳೆದರೆ ಮೇಲೆ ನಾಲ್ಕು ಬೆರಳು ಬಿಟ್ಟೇ ಕತ್ತರಿಸುತ್ತಿದ್ದರು. ಗಾದಿಯ ಮೇಲಿಂದ ಅವರು ತಲೆ ಎತ್ತಿ ಚೆನ್ನಯ್ಯನ ಕೈ ನೋಡಿದರು. ಮತ್ತೆ ಬಟ್ಟೆ ಮಡಿಸತೊಡಗಿದರು.

ಎರಡಿಂಚು ಬೇಕು. ಹನ್ನೆರಡು ವಾರ ಇದೆ. ಬ್ರಹ್ಮದೇವ ಮನಸ್ಸಿನಲ್ಲೇ ಭಾಗಿಸಿದ. ಭಾಗಿಸಿದಷ್ಟೂ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಗಲೆಲ್ಲ ಅಂಗೈಯನ್ನು ಎದೆಯ ಮೇಲೆ ಇಟ್ಟು ನೋಡಿಕೊಳ್ಳುವುದು ಅಭ್ಯಾಸವಾಯಿತು. ಗಿರಾಕಿಯೊಬ್ಬಳು, "ಯಾಕಪ್ಪ, ಎದೆನೋವಾ?" ಎಂದು ಕೇಳಿದಾಗ ರಾಶಿಯ ಹಿಂದೆ ಅಡಗಿದ. ಅಂಚೆಯವನು ಬರುವ ಹೊತ್ತಿಗೆ ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದ. ಐದನೆಯ ಪಾಠ ಒಂಬತ್ತು ದಿನ ತಡವಾಯಿತು. ಆ ಒಂಬತ್ತು ದಿನವೂ ನಾಲ್ಕನೆಯ ಪಾಠವನ್ನೇ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಮಾಡಿದ.

ಮಧ್ಯಾಹ್ನ ಮಾಡಿದರೆ ಅಟ್ಟದ ಧೂಳು ಕೆಳಗಿನ ಗಿರಾಕಿಗಳ ತಲೆಯ ಮೇಲೆ ಉದುರುತ್ತಿತ್ತು. "ಏನ್ ಸ್ವಾಮಿ, ಮ್ಯಾಲೆ ಎಮ್ಮೆ ಕಟ್ಟಿದ್ದೀರಾ?" ಎಂದು ಹಳ್ಳಿಯವನೊಬ್ಬ ಕೇಳಿದ.

"ನಮ್ಮ ಮಗ ಎದೆ ಬೆಳೆಸ್ತಾವ್ನೆ," ಎಂದರು ಧರಣೇಂದ್ರಯ್ಯ ಕತ್ತರಿ ಆಡಿಸುತ್ತ. "ಅದು ಏಳೋ ಒತ್ಗೆ ಅಟ್ಟ ಇಳೀತೈತೆ."

ಊಟದ್ದು ಇನ್ನೊಂದು ಪಾಡು. ಮೊಟ್ಟೆ ತಿನ್ನದವರು ಏನು ಮಾಡಬೇಕೆಂದು ಅವನು ಬೆಂಗಳೂರಿಗೆ ಕಾಗದ ಬರೆದ. ಮೊಳಕೆ ಬಂದ ಹೆಸರುಕಾಳು ತಿನ್ನಿರಿ ಎಂದು ಉತ್ತರ ಬಂತು. ಒದ್ದೆಬಟ್ಟೆಯಲ್ಲಿ ಕಾಳು ಕಟ್ಟಿಟ್ಟಿದ್ದನ್ನು ಜಿನಮ್ಮ ಕಂಡರು. "ಮೊಳಕೇಲಿ ಜೀವ ಕಣ್ಣು ಬುಟ್ಟಿರ್ತೈತೆ ಮಗಾ," ಎಂದು ಗಂಟನ್ನು ಒಯ್ದು ಹಿತ್ತಲಲ್ಲಿ ಬಿತ್ತಿಯೇಬಿಟ್ಟರು. ಬದಲಿಗೆ ತಾವೇ ಕಡಲೆಕಾಯಿ ಬೇಯಿಸಿ ಕೊಟ್ಟರು, ಹಾಲಿನ ಲೋಟ ದೊಡ್ಡದಾಯಿತು. ಮಾಡಿದ ಕಸರತ್ತಿಗೆ ಸಂಜೆ ಕತ್ತಲಾದ ಮೇಲೆ ಹೊಟ್ಟೆ ಕೂಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಬೆಳಗಾಗುವುದನ್ನೇ ಕಾಯುತ್ತ ಮಲಗುತ್ತಿದ್ದ.

ಎಂಟನೆಯ ಪಾಠದ ಹೊತ್ತಿಗೆ ಭಾದ್ರಪದದ ದಶಲಕ್ಷಣ ಪರ್ವ ಬಂತು. ಹತ್ತು ದಿನ ಮನೆಮಂದಿಯೆಲ್ಲ ಒಂದೇ ಹೊತ್ತು ಊಟ. ಆ ಪಾಠವೋ ಎಲ್ಲಕ್ಕಿಂತ ಕಠಿಣ: ನೂರು ದಂಡ, ಇನ್ನೂರು ಬಸ್ಕಿ. ಬ್ರಹ್ಮದೇವ ವ್ರತವನ್ನೂ ಬಿಡಲಿಲ್ಲ, ಪಾಠವನ್ನೂ ಬಿಡಲಿಲ್ಲ. ಪೂರ್ತಿ ಉಪವಾಸದ ಕೊನೆಯ ದಿನ ಎಪ್ಪತ್ತನೆಯ ದಂಡಕ್ಕೆ ಕಣ್ಣು ಕತ್ತಲಿಟ್ಟಿತು. ಗಂಟುಗಳ ಸಂದಿಯಲ್ಲಿ ಹಾಗೇ ಜೋತುಬಿದ್ದು, ಬಟ್ಟೆಯ ಗಂಜಿಯ ವಾಸನೆ ಕುಡಿಯುತ್ತ ಕಾದ. ಕಣ್ಣು ತಿಳಿಯಾದ ಮೇಲೆ ಎಪ್ಪತ್ತೊಂದು ಎಂದು ಎಣಿಸಿದ.

ಪರ್ವ ಮುಗಿದ ಭಾನುವಾರ ತೋಳು ಕಾಲಿಂಚು ಇಳಿದಿತ್ತು. ಎದೆಯ ಮೇಲೆ ಟೇಪು ಕೂಡಿಸುವಾಗ ಅವನು ಗೋಡೆ ನೋಡುತ್ತ ನಿಂತ.

"ಮೂವತ್ತೊಂದೂವರೆ," ಎಂದ ಚೆನ್ನಯ್ಯ. "ಬುದ್ಧೀ, ಉಪಾಸ ಮಾಡ್ಕೊಂಡು ಇಷ್ಟು ಏರ್ಸಿದ್ದೀರಲ್ಲ, ಒಟ್ಟೆ ತುಂಬ ಉಂಡಿದ್ರೆ ನನ್ನ ಟೇಪೇ ಸಾಲ್ತಿರ್ಲಿಲ್ಲ."

ಅಜ್ಜಿ ದೃಷ್ಟಿ ತೆಗೆದರು. ಬಸವರಾಜು ಎದುರು ಅಂಗಡಿಯಿಂದ ಕೂಗಿ ಕೇಳಿ, ಅಂಕಿ ತಿಳಿದು, ಬೀದಿಗೆಲ್ಲ ಸಾರಿದ. ಧರಣೇಂದ್ರಯ್ಯ ಟೇಪಿನ ಕಡೆ ನೋಡಿ ಏನೋ ಹೇಳಲೆಂದು ಬಾಯಿ ತೆರೆದವರು, ಗಿರಾಕಿ ಬಂದದ್ದರಿಂದ ಸುಮ್ಮನಾದರು.

ಹನ್ನೆರಡನೆಯ ಪಾಠ ಮುಗಿದ ದಿನ ಅಳತೆ ಮೂವತ್ತೆರಡೂವರೆಗೆ ನಿಂತಿತು. ಮೊದಲಿನ ಅಂಗಿಗಳು ಬೆನ್ನಿನಲ್ಲಿ ಬಿಗಿಯುತ್ತಿದ್ದವು. ಬಚ್ಚಲ ದೊಡ್ಡ ಪಾತ್ರೆ, ಕೊಳದಪ್ಪಲೆಯನ್ನು, ನೀರು ತುಂಬಿದ್ದರೂ ಒಂದೇ ಕೈಯಲ್ಲಿ ಎತ್ತಿಡುತ್ತಿದ್ದ. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗ ತನ್ನ ತೋಳನ್ನು ತಾನೇ ಕದ್ದು ನೋಡಿಕೊಂಡು, ಯಾರೋ ಕಂಡರೇನೋ ಎಂಬಂತೆ ಕಣ್ಣು ತಗ್ಗಿಸುತ್ತಿದ್ದ. ಬೇಕಾದುದಕ್ಕಿಂತ ಅರ್ಧ ಇಂಚು ಮೇಲೆಯೇ ಇದೆ, ಇನ್ನು ಹೆದರಿಕೆಯಿಲ್ಲ ಎಂದು ಅವನೇ ಅವನಿಗೆ ಹೇಳಿಕೊಂಡ. ಹಾಸನಕ್ಕೆ ಹೋಗುವ ಹಿಂದಿನ ದಿನ ಮಾತ್ರ ಮೂರು ಸಲ ಜಗಲಿಗೆ ಬಂದು, "ಇನ್ನೊಂದ್ಸಲ ನೋಡಿ ಚೆನ್ನಯ್ಯ," ಎಂದ. ಮೂರು ಸಲವೂ ಮೂವತ್ತೆರಡೂವರೆಯೇ ಬಂತು.

ಹಾಸನದ ಮೈದಾನದಲ್ಲಿ ಇನ್ನೂರು ಮಂದಿ ಸೇರಿದ್ದರು. ಜೊತೆಗೆ ಬಂದಿದ್ದ ಬಸವರಾಜು ತಾನೂ ಹೆಸರು ಕೊಟ್ಟು, ಓಟದ ಮೊದಲ ಸುತ್ತಿಗೇ ಹುಲ್ಲಿನ ಮೇಲೆ ಕೂತುಬಿಟ್ಟ. "ನೀನ್ ಓಡ್ಲಾ, ನಾನ್ ನಿನ್ನ ಚಪ್ಲಿ ಕಾಯ್ತೀನಿ!" ಎಂದು ಕೂಗಿದ. ಬ್ರಹ್ಮದೇವ ಇನ್ನೂರರಲ್ಲಿ ಒಂಬತ್ತನೆಯವನಾಗಿ ಬಂದ. ಎದೆ ಬಡಿದುಕೊಳ್ಳುತ್ತಿತ್ತು, ಆದರೆ ಉಸಿರು ಕಟ್ಟಿರಲಿಲ್ಲ. ಒಬ್ಬ ಅಧಿಕಾರಿ ತಿರುಗಿ ನೋಡಿದ್ದನ್ನು ಕಂಡ. ಇಷ್ಟು ಜನರ ಮುಂದೆ ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತದ್ದು ಅವನ ಆಯುಸ್ಸಿನಲ್ಲಿ ಅದೇ ಮೊದಲು. ನಾಚಿಕೆಯಾಗಲಿಲ್ಲ. ಅದು ಅವನಿಗೇ ಸೋಜಿಗವಾಯಿತು.

ಅಳೆಯುತ್ತಿದ್ದವನು ನರೆತ ಮೀಸೆಯ ಹಳೇ ಗಾರ್ಡು. "ಉಸ್ರು ಬುಡು. ಪೂರಾ ಬುಡು. ಇನ್ನೂ ಐತೆ, ಅದನ್ನೂ ಬುಡು," ಎಂದು ಟೇಪನ್ನು ಚರ್ಮಕ್ಕೆ ಕಚ್ಚುವಂತೆ ಎಳೆದ. "ಮೂವತ್ತೊಂದೂಕಾಲು. ಈಗ ಎಳ್ಕೋ." ಬ್ರಹ್ಮದೇವ ಎಳೆದುಕೊಂಡ. ಟೇಪು ಗಾರ್ಡಿನ ಬೆರಳುಗಳ ನಡುವೆ ಸರಿಯುತ್ತಲೇ ಹೋಯಿತು. "ಮೂವತ್ತನಾಲ್ಕೂಮುಕ್ಕಾಲು! ಲೋ, ಇದೇನ್ಲಾ, ಕುಲುಮೆ ತಿದಿ ನುಂಗಿದ್ದೀಯಾ?"

ಮೇಜಿನ ಹಿಂದಿನ ಅಧಿಕಾರಿ ಬರೆಯುತ್ತಿದ್ದವರು ನಿಲ್ಲಿಸಿದರು. "ಹಿಗ್ಗೋದು ಬೇಕಾದಷ್ಟಿದೆ. ಮೂಲ ಅಳತೆ ಮುಕ್ಕಾಲಿಂಚು ಕಮ್ಮಿ."

"ಸಾ," ಎಂದ ಬ್ರಹ್ಮದೇವ. "ಸಾ, ನಮ್ಮೂರಲ್ಲಿ ನೆನ್ನೆ ಮೂವತ್ತೆರಡೂವರೆ ಇತ್ತು."

"ಬಸ್ಸಲ್ಲಿ ಬರ್ತಾ ಸವೆದೋಯ್ತೇನೋ," ಎಂದು ಹಿಂದಿನಿಂದ ಯಾರೋ ಅಂದರು. ಸಾಲು ನಕ್ಕಿತು. ಹಳೇ ಗಾರ್ಡು ನಗಲಿಲ್ಲ. "ಯಾರಪ್ಪ ಅಳ್ದಿದ್ದು?" ಎಂದು ಕೇಳಿದ. ದರ್ಜಿ ಎಂದು ತಿಳಿದಾಗ ತನ್ನ ಎರಡು ಬೆರಳುಗಳನ್ನು ಟೇಪಿನೊಳಗೆ ತೂರಿಸಿ ತೋರಿಸಿದ. "ಇಂಗೆ ತಾನೆ? ಅದು ಅಂಗಿ ಅಳತೆ ಕಣಪ್ಪ. ಎದೆ ಅಳತೆ ಅಲ್ಲ."

ಊರಿಗೆ ಮರಳಿದಾಗ ಸಂಜೆ ನಾಲ್ಕು ಗಂಟೆ. ಬಸವರಾಜು ದಾರಿಯುದ್ದಕ್ಕೂ ಮಾತಾಡಿರಲಿಲ್ಲ. ಅದು ಅವನಿಂದ ಸಾಧ್ಯವೆಂದು ಯಾರೂ ನಂಬುತ್ತಿರಲಿಲ್ಲ. ಬ್ರಹ್ಮದೇವ ಸೀದಾ ಜಗಲಿ ಹತ್ತಿದ. "ಚೆನ್ನಯ್ಯ, ಟೇಪಿನೊಳ್ಗೆ ಬೆರಳು ಯಾಕಿಟ್ರಿ?"

ಚೆನ್ನಯ್ಯ ಮಿಷನ್ ನಿಲ್ಲಿಸಿದ. ವಿಷಯ ತಿಳಿಯುತ್ತ ಬಂದಂತೆ ಅವನ ಮುಖ ಬಿಳುಪೇರಿತು. "ಅಯ್ಯೋ ನನ್ನಪ್ಪಾ! ಬೆರಳು ಬುಡ್ದಿದ್ರೆ ಅಂಗಿಯೊಳ್ಗೆ ಮನುಷ್ಯ ಉಸ್ರಾಡೋದೆಂಗೆ? ಕೈ ಅಂಗೇ ಓಯ್ತದೆ ಬುದ್ಧೀ, ನಂಗೆ ಗೆಪ್ತೀನೇ ಇರಾಕಿಲ್ಲ. ತಪ್ಪಾಯ್ತು. ಯಜಮಾನ್ರಾದ್ರೂ ಒಂದ್ಮಾತು ಅಂದಿದ್ರೆ... ಪ್ರತಿ ವಾರ ನೋಡ್ತಾನೇ ಇದ್ರಲ್ಲ..." ಎಂದವನು ಅಲ್ಲಿಗೇ ನಾಲಗೆ ಕಚ್ಚಿಕೊಂಡ.

ಬ್ರಹ್ಮದೇವ ಒಳಗೆ ತಿರುಗಿದ. ಧರಣೇಂದ್ರಯ್ಯ ಗಾದಿಯ ಮೇಲೆ ಕಬ್ಬಿಣದ ಗಜಕಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಅಪ್ಪಯ್ಯ, ನಿಮ್ಗೆ ಗೊತ್ತಿತ್ತಾ?"

ಧರಣೇಂದ್ರಯ್ಯ ಗಜಕಡ್ಡಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಮೊದಲ್ನೇ ವಾರಾನೇ ಗೊತ್ತಿತ್ತಾ?"

"ನಲ್ವತ್ತು ವರ್ಷ ಅಳತೆ ಮಾಡ್ದೋನಿಗೆ ಗೊತ್ತಾಗ್ದೇ ಇರ್ತೈತೇನೋ," ಎಂದರು ಧರಣೇಂದ್ರಯ್ಯ. ದನಿ ತಗ್ಗಿತ್ತು. "ನಾನೇನು ಸುಳ್ಳು ಹೇಳ್ಲಿಲ್ಲ. ನನ್ನ ಯಾರೂ ಕೇಳ್ಲಿಲ್ಲ."

ಆ ಹನ್ನೆರಡು ವಾರದಲ್ಲಿ ಬ್ರಹ್ಮದೇವ ಯಾರ ಮೇಲೂ ದನಿ ಎತ್ತಿರಲಿಲ್ಲ, ಅದಕ್ಕೂ ಹಿಂದಿನ ಹತ್ತೊಂಬತ್ತು ವರ್ಷದಲ್ಲೂ ಎತ್ತಿರಲಿಲ್ಲ. ಈಗ ಬೀದಿಗೆ ಕೇಳುವಂತೆ ಎತ್ತಿದ. "ಮೊದಲ್ನೇ ವಾರ ಅಂದಿದ್ರೆ ಮೂರು ತಿಂಗ್ಳಿತ್ತು! ಇನ್ನೊಂದೊತ್ತು ಹೆಚ್ಗೆ ಮಾಡ್ತಿದ್ದೆ! ಉಪವಾಸದಲ್ಲಿ ಕಣ್ಣು ಕತ್ಲೆ ಬಂದು ಬಿದ್ದೆ, ಆ ವಾರಾನೂ ನೀವು ಟೇಪು ನೋಡ್ತಾ ಕೂತಿದ್ರಿ!"

ಒಳಬಾಗಿಲಿಗೆ ಜಿನಮ್ಮ ಬಂದು ನಿಂತಿದ್ದರು. ಗದ್ದಲ ಕೇಳಿ ಬಂದವರಿಗೆ ಮಾತೆಲ್ಲ ಅರ್ಥವಾಗಿತ್ತು. "ಧರಣಿ," ಎಂದರು. "ಬಾಯಿ ತೆಗ್ದು ಹೇಳೋದೊಂದೇ ಸುಳ್ಳು ಅಂದ್ಕೊಂಡಿದ್ಯಾ? ಹತ್ತು ದಿನದ ಪರ್ವದಲ್ಲಿ ಒಂದು ದಿನ ಸತ್ಯಕ್ಕೇ ಅಂತ ಐತೆ. ಅವತ್ತು ಬಸದೀಲಿ ಮುಂದಿನ ಸಾಲಲ್ಲಿ ಕೂತಿದ್ಯಲ್ಲೋ ನೀನು."

ಧರಣೇಂದ್ರಯ್ಯ ಗಜಕಡ್ಡಿಯನ್ನು ಕೆಳಗಿಟ್ಟರು. ಎತ್ತಿದರು. ಮತ್ತೆ ಇಟ್ಟರು. "ಅವ್ನು ಹೋದ್ರೆ ಈ ಅಂಗಡಿ ಯಾರು ನೋಡ್ಕೋತಾರೆ ಅವ್ವ? ತಾನಾಗೇ ಬಿದ್ದೋದ್ರೆ ನಾನು ಬೇಡ ಅಂದಂಗೂ ಆಗಲ್ಲ, ಅವ್ನು ಉಳ್ಕೊಂಡಂಗೂ ಆಗ್ತೈತೆ ಅಂತ..." ತಾವು ಹೇಳಿದ್ದು ತಮ್ಮ ಕಿವಿಗೇ ಬಿದ್ದ ಹಾಗಿತ್ತು. ಮಗನ ಮುಖ ನೋಡದೆ, "ಒಂದೇ ಸಲ ಅಂದಿದ್ನಲ್ಲ, ಆ ಮಾತು ಬಿಡು. ಮುಂದಿನ ವರ್ಷಾನೂ ಕರೀತಾರೆ. ಹೋಗು," ಎಂದರು.

"ಹೋಗ್ತೀನಿ," ಎಂದ ಬ್ರಹ್ಮದೇವ. "ಅಲ್ಲೀವರ್ಗೂ ಗಾದಿ ಮೇಲೆ ಕೂರಲ್ಲ. ಬಟ್ಟೆ ಗಂಟು ಹೊತ್ಕೊಂಡು ಸಂತೆಗೆ ಹೋಗ್ತೀನಿ. ಮಾರ್ಕೊಂಡ್ ಬತ್ತೀನಿ. ಕೂರು ಅಂತ ಮಾತ್ರ ಅನ್ಬೇಡಿ."

ಆ ವರ್ಷವೆಲ್ಲ ಅವನು ನುಗ್ಗೇಹಳ್ಳಿಯ ಕಡೆಗೂ ಸುತ್ತಿನ ಸಂತೆಗಳಿಗೂ ಹೆಗಲ ಮೇಲೆ ಗಂಟು ಹೊತ್ತು ನಡೆದ. ಬಸ್ಸಿದ್ದರೂ ಹತ್ತಲಿಲ್ಲ. ಗಿರಾಕಿಗಳೊಡನೆ ಮಾತಾಡಲೇಬೇಕಾಯಿತು, ಮಾತಾಡಿದ. ಬೆಂಗಳೂರಿನಿಂದ ಬರುವ ಪಾಠ ಮುಗಿದಿತ್ತು. ಅವನು ಒಂದನೆಯದರಿಂದ ಮತ್ತೆ ಶುರುಮಾಡಿ, ಹನ್ನೆರಡು ಮುಗಿಸಿ, ಮತ್ತೆ ಒಂದಕ್ಕೆ ಬಂದ. ಅಪ್ಪನೊಡನೆ ಮಾತು ವ್ಯಾಪಾರಕ್ಕೆಷ್ಟೋ ಅಷ್ಟೇ ಇತ್ತು. ಆ ಬಿರುಕನ್ನು ಮುಚ್ಚಲು ಅಜ್ಜಿಯೂ ಹೋಗಲಿಲ್ಲ. ಅಳತೆಯನ್ನು ಮಾತ್ರ ಅವನು ಒಂದು ಸಲವೂ ತೆಗೆಸಲಿಲ್ಲ. ಚೆನ್ನಯ್ಯ ಟೇಪು ಹಿಡಿದು, "ಬುದ್ಧೀ, ಈಗ ಬಿಗಿಯಾಗಿ ನೋಡ್ತೀನಿ ಬನ್ನಿ," ಎಂದು ಕರೆದರೂ ಬೇಡವೆಂದ. ರಾತ್ರಿ ಮಲಗಿದರೆ ಮೂವತ್ತೊಂದೂಕಾಲು ಎಂಬ ದನಿ ಕೇಳುತ್ತಿತ್ತು. ಅದು ಏರಿದೆಯೋ ಇಲ್ಲವೋ ತಿಳಿಯದೆ ಹೊರಳುತ್ತಿದ್ದ.

ಐವತ್ತೆಂಟರ ಕಾರ್ತಿಕದಲ್ಲಿ ಮತ್ತೆ ಆಯ್ಕೆಗೆ ಕರೆದರು. ಹೊರಡುವ ಬೆಳಿಗ್ಗೆ ಧರಣೇಂದ್ರಯ್ಯ ಅಂಗಡಿಯ ಬಾಗಿಲು ತೆಗೆಯದೆ, ಕೋಟು ತೊಟ್ಟು, ಬಸ್ಸಿನ ಹತ್ತಿರ ಬಂದು ನಿಂತಿದ್ದರು. ಕರೆದವರಿಲ್ಲ. ಅಪ್ಪ ಮಗ ಬೇರೆ ಬೇರೆ ಸೀಟಿನಲ್ಲಿ ಕೂತು ಹಾಸನಕ್ಕೆ ಹೋದರು. ಒಳಗೆ ಬೇರೆಯವರನ್ನು ಬಿಡುತ್ತಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಧರಣೇಂದ್ರಯ್ಯ ಮೈದಾನದ ಬೇಲಿಯ ಹೊರಗೆ ಅತ್ತಿಂದಿತ್ತ, ಇತ್ತಿಂದತ್ತ ನಡೆಯುತ್ತಲೇ ಇದ್ದರೆಂದು ಅಲ್ಲಿ ಎಳನೀರು ಮಾರುತ್ತಿದ್ದವನು ಆಮೇಲೆ ಬ್ರಹ್ಮದೇವನಿಗೆ ಹೇಳಿದ.

ಎರಡು ಗಂಟೆಗೆ ಬ್ರಹ್ಮದೇವ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದ.

"ಎಷ್ಟು ಬಂತು?" ಎಂದರು ಧರಣೇಂದ್ರಯ್ಯ.

"ಮೂವತ್ತೆರಡೂಕಾಲು."

"ಬಿಗಿಯಾಗಿ ಹಿಡಿದ್ರಾ?"

"ಬಿಗಿಯಾಗೇ ಹಿಡಿದ್ರು. ಎರಡು ಸಲ ನೋಡಿದ್ರು."

ಧರಣೇಂದ್ರಯ್ಯ ತಲೆಯಾಡಿಸಿದರು. ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಅದನ್ನು ಅಂಗಡಿಯಲ್ಲಿ ಮಡಿಸುವ ಹಾಗೆಯೇ ನಾಲ್ಕು ಮಡಿಕೆ ಮಾಡಿ ಒಳಗಿಟ್ಟರು. "ಎಲ್ಲಿಗೆ ಹಾಕ್ತಾರಂತೆ?"

"ಅರಕಲಗೂಡು ಕಡೆ ಅಂತಾರೆ. ಸೋಮವಾರ ಹೇಳ್ತಾರಂತೆ."

"ದೂರವೇ," ಎಂದರು ಧರಣೇಂದ್ರಯ್ಯ. ಅಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರು. ಬ್ರಹ್ಮದೇವ ಒಂದು ಗಳಿಗೆ ನಿಂತಿದ್ದು, ಆಮೇಲೆ ಬೀಸುಗಾಲು ಹಾಕಿ ಅಪ್ಪನ ಪಕ್ಕಕ್ಕೆ ಬಂದ. ಅವರ ಹೆಜ್ಜೆಗೆ ತಕ್ಕಂತೆ ನಡೆಯುವುದು ಅವನಿಗೆ ಕಷ್ಟವಾಗುತ್ತಿತ್ತು. ಮುಂದೆ ಹೋಗಿಬಿಡುತ್ತಿದ್ದ, ನಿಲ್ಲುತ್ತಿದ್ದ, ಅವರು ಬಂದು ಸೇರುವವರೆಗೆ ಕಾಯುತ್ತಿದ್ದ.